ಟೊರ್ನಾಡೊ ನೋಡುವುದು, ಚಿತ್ರ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಗ್ರೇಟ್ ಪ್ಲೇನ್ಸ್ ಬಯಲಿನಲ್ಲಿ ಗುಡುಗುಮೋಡಗಳ ಹಿಂದೆ ಓಡಾಡಿದ ಸಂಗತಿ ಹೇಳಿಕೊಂಡಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲ ಸಲ ಕೇಳುವವರಿಗೆ ಬೇಕಾದದ್ದು ಮೊದಲು, ಒಂದೆರಡು ಸಲ ಹೋಗಿ ಬಂದವರು ಕೇಳುವುದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಟೊರ್ನಾಡೊ ಅಂದ್ರೆ ಸುಂಟರಗಾಳಿನೇ ಅಲ್ವಾ? ಬೇಸಿಗೆಯಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಸುತ್ತುತ್ತಲ್ಲ, ಅದೇ ದೊಡ್ಡದಾದ್ರೆ ಟೊರ್ನಾಡೊನಾ?

ಎರಡಕ್ಕೂ ಒಂದೇ ಹೆಸರು ಹೇಳುವುದರಿಂದ ಹುಟ್ಟಿದ ಗೊಂದಲ ಇದು. ಧೂಳಿನ ಸುಂಟರಗಾಳಿ ನೆಲದಿಂದ ಹುಟ್ಟುತ್ತದೆ. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತ ಸುತ್ತತೊಡಗುತ್ತದೆ, ಆಗ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಬೇಕಿಲ್ಲ. ಟೊರ್ನಾಡೊಗೆ ಮೋಡ ಬೇಕೇ ಬೇಕು. ಗುಡುಗುಮೋಡದ ತಳದಿಂದ ನೆಲದವರೆಗೆ ರಭಸವಾಗಿ ತಿರುಗುವ ಗಾಳಿಯ ಕಂಬ ಅದು. ಬಲವಾದ ಟೊರ್ನಾಡೊಗಳಲ್ಲಿ ಬಹುಪಾಲು ಸೂಪರ್‌ಸೆಲ್ ಎಂಬ ಜಾತಿಯ ಮೋಡದಿಂದ ಹುಟ್ಟುತ್ತವೆ. ಸಾಮಾನ್ಯ ಗುಡುಗುಮೋಡದಲ್ಲಿ ಗಾಳಿ ಸುಮ್ಮನೆ ಮೇಲೇರುತ್ತದೆ. ಸೂಪರ್‌ಸೆಲ್‌ನಲ್ಲಿ ಮೇಲೇರುವ ಗಾಳಿಯ ಇಡೀ ಕಂಬವೇ, ಕಿಲೋಮೀಟರುಗಟ್ಟಲೆ ಅಗಲಕ್ಕೆ, ನಿಧಾನವಾಗಿ ತಿರುಗುತ್ತಿರುತ್ತದೆ. ಈ ಬರಹದಲ್ಲಿ ಗೊಂದಲ ಬೇಡವೆಂದು ಟೊರ್ನಾಡೊ ಎಂದೇ ಬರೆಯುತ್ತೇನೆ.

ಅಮೆರಿಕದ ಮಧ್ಯಭಾಗದಲ್ಲೇ ಯಾಕೆ ಅಷ್ಟೊಂದು? ಯಾವ ತಿಂಗಳಲ್ಲಿ ಹೋಗಬೇಕು?

ಭೂಗೋಳವೇ ಕಾರಣ. ದಕ್ಷಿಣದಲ್ಲಿ ಮೆಕ್ಸಿಕೊ ಕೊಲ್ಲಿ, ಅಲ್ಲಿಂದ ಬೆಚ್ಚಗಿನ ತೇವದ ಗಾಳಿ ಬರುತ್ತದೆ. ನೈಋತ್ಯದ ಮರುಭೂಮಿಯಿಂದ ಒಣ ಬಿಸಿಗಾಳಿ. ರಾಕಿ ಪರ್ವತಗಳನ್ನು ದಾಟಿ ಮೇಲ್‌ಸ್ತರದಲ್ಲಿ ಬೀಸುವ ತಂಪು ಗಾಳಿ ಮತ್ತೊಂದು. ಎತ್ತರ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವುದರಿಂದ ಮೋಡಕ್ಕೆ ತಿರುಗುವ ಗುಣ ಬರುತ್ತದೆ. ಇವೆಲ್ಲ ಒಂದೇ ಮಧ್ಯಾಹ್ನ ಒಂದೇ ಕಡೆ ಸೇರುವ ಸಂಭವ ಟೆಕ್ಸಸ್, ಒಕ್ಲಹೋಮ, ಕಾನ್ಸಸ್, ನೆಬ್ರಾಸ್ಕಾಗಳಲ್ಲಿ ಹೆಚ್ಚು. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1,200 ಟೊರ್ನಾಡೊ ದಾಖಲಾಗುತ್ತವೆ. ದಕ್ಷಿಣದ ಬಯಲಿಗೆ ಮೇ ತಿಂಗಳು, ಉತ್ತರದ ಡಕೋಟಾಗಳ ಕಡೆಗೆ ಜೂನ್ ಒಳ್ಳೆಯದು. ಆಗ್ನೇಯ ರಾಜ್ಯಗಳಲ್ಲೂ ಟೊರ್ನಾಡೊ ಧಾರಾಳವಾಗಿ ಬರುತ್ತವೆ, ಆದರೆ ಅಲ್ಲಿ ಮರ, ಗುಡ್ಡ ಅಡ್ಡ, ರಾತ್ರಿ ಬರುವುದೂ ಹೆಚ್ಚು. ನೋಡಲೆಂದು ಅಲ್ಲಿಗೆ ಹೋಗಬೇಡಿ ಎಂದೇ ಹೇಳುತ್ತೇನೆ.

ಯಾರು ಶುರು ಮಾಡಿದ್ದು ಇದನ್ನ? ಬರೀ ಸಾಹಸಕ್ಕೆ ಮಾಡ್ತಾರಾ?

1950ರ ದಶಕದಲ್ಲಿ ರಾಜರ್ ಜೆನ್ಸನ್, ಡೇವಿಡ್ ಹೋಡ್ಲಿ ಎಂಬ ಇಬ್ಬರು ಮೋಡದ ಮೇಲಿನ ಆಸೆಯಿಂದಲೇ ಕಾರು ಹತ್ತಿದವರು. ಹೋಡ್ಲಿ ಮುಂದೆ 1977ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆ ಹೊರಡಿಸಿದರು. ವಿಜ್ಞಾನಿಗಳಿಗೆ ದೊಡ್ಡ ಫಲ ಸಿಕ್ಕಿದ್ದು 1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಯಲ್ಲಿ. ಒಂದು ಟೊರ್ನಾಡೊ ಹುಟ್ಟಿ, ಬೆಳೆದು, ಹಗ್ಗದಂತೆ ಸಣ್ಣಗಾಗಿ ಸಾಯುವವರೆಗೂ ಬೆನ್ನಟ್ಟಿದ ತಂಡ ಚಿತ್ರ ತೆಗೆಯಿತು, ಅದೇ ಹೊತ್ತಿಗೆ ಗಾಳಿಯ ಚಲನೆಯನ್ನೂ ಗುರುತಿಸಬಲ್ಲ ಡಾಪ್ಲರ್ ರೇಡಾರ್ ಮೋಡದ ಒಳಗನ್ನು ಅಳೆಯಿತು. ಎರಡನ್ನೂ ಹೋಲಿಸಿದಾಗ, ನೆಲಕ್ಕೆ ಇಳಿಯುವ ಮೊದಲೇ ಮೋಡದೊಳಗಿನ ಸುತ್ತಾಟ ರೇಡಾರಿಗೆ ಸಿಗುತ್ತದೆ ಎಂಬುದು ಖಚಿತವಾಯಿತು. ಇವತ್ತಿನ ಎಚ್ಚರಿಕೆಗಳ ಹಿಂದೆ ಆ ದಿನದ ಕೆಲಸ ಇದೆ.

ಒಂದು ವಾರ ರಜೆ ಹಾಕಿ ಹೋದ್ರೆ ನೋಡೋಕೆ ಸಿಗುತ್ತಾ?

ಸಿಗಬಹುದು, ಸಿಗದಿರುವ ಸಂಭವವೇ ಹೆಚ್ಚು. ಸೂಪರ್‌ಸೆಲ್‌ಗಳಲ್ಲೇ ಹೆಚ್ಚಿನವು ಟೊರ್ನಾಡೊ ಇಳಿಸುವುದಿಲ್ಲ. ಇಳಿಸಿದರೂ ಬಹುತೇಕ ಹತ್ತು ನಿಮಿಷದೊಳಗೆ ಮುಗಿದುಹೋಗುತ್ತವೆ. ದಿನಕ್ಕೆ ಐನೂರು, ಆರುನೂರು ಕಿಲೋಮೀಟರ್ ಓಡಿಸಿ ನೀಲಿ ಆಕಾಶ ನೋಡಿಕೊಂಡು ಮಲಗುವ ದಿನಗಳೇ ಹೆಚ್ಚು. ಟೊರ್ನಾಡೊ ಒಂದನ್ನೇ ಎಣಿಸಿಕೊಂಡು ಹೋದವರು ಬೇಸತ್ತು ಬರುತ್ತಾರೆ. ಸಂಜೆ ಬಿಸಿಲಲ್ಲಿ ಹದಿನೈದು ಕಿಲೋಮೀಟರ್ ಎತ್ತರದ ಮೋಡ ಕಣ್ಣೆದುರಿಗೆ ಬುಗುರಿಯಂತೆ ತಿರುಗುವುದನ್ನು ಕಂಡು ತೃಪ್ತಿಪಡುವವರಿಗೆ ಒಂದು ವಾರ ಸಾಕು.

## ಹೊರಡುವ ಮುನ್ನ

ಇವತ್ತು ಯಾವ ಊರಿನ ಕಡೆ ಹೋಗೋದು ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಒಕ್ಲಹೋಮದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ಮುನ್ಸೂಚನೆ. ಅಪಾಯವನ್ನು ಐದು ಮಟ್ಟಗಳಲ್ಲಿ ನಕ್ಷೆಯ ಮೇಲೆ ಬಣ್ಣ ಹಾಕಿ ತೋರಿಸಿರುತ್ತಾರೆ. ಬಣ್ಣವನ್ನಷ್ಟೇ ನೋಡಿ ಹೊರಡಬೇಡಿ, ಜೊತೆಗಿರುವ ವಿವರಣೆ ಓದಿ. ಅತಿ ಹೆಚ್ಚಿನ ಮಟ್ಟ ಇರುವ ದಿನ ಮೋಡಗಳು ಗಂಟೆಗೆ 80–90 ಕಿ.ಮೀ. ವೇಗದಲ್ಲಿ, ಒಂದಕ್ಕೊಂದು ಅಂಟಿಕೊಂಡು ಸಾಗುವುದುಂಟು. ನೋಡುವವರಿಗೆ ಅದು ಒಳ್ಳೆಯ ದಿನವಲ್ಲ. ಕೆಳಮಟ್ಟದ ಬಣ್ಣವಿರುವ ದಿನ ಒಂಟಿ ಮೋಡವೊಂದು ನಿಧಾನವಾಗಿ ಸಾಗುತ್ತ ಅಪರೂಪದ ದೃಶ್ಯ ಕೊಟ್ಟದ್ದೂ ಇದೆ.

ಮಧ್ಯಾಹ್ನದ ಹೊತ್ತಿಗೆ ನಕ್ಷೆಯಲ್ಲಿ ಒಂದು ಗೆರೆ ಹುಡುಕುತ್ತೇನೆ: ಕೊಲ್ಲಿಯ ತೇವದ ಗಾಳಿ ಮುಗಿದು ಮರುಭೂಮಿಯ ಒಣಗಾಳಿ ಶುರುವಾಗುವ ಗಡಿ. ಡ್ರೈಲೈನ್ ಎನ್ನುತ್ತಾರೆ. ಪಶ್ಚಿಮದ ಬಯಲಲ್ಲಿ ಮೋಡಗಳು ಹೆಚ್ಚಾಗಿ ಎದ್ದೇಳುವುದು ಅದರ ಉದ್ದಕ್ಕೂ. ಆ ಗೆರೆಯ ಪೂರ್ವಕ್ಕೆ, ಪೆಟ್ರೋಲ್ ಬಂಕ್ ಇರುವ, ನಾಲ್ಕು ದಿಕ್ಕಿಗೂ ಟಾರು ರಸ್ತೆ ಇರುವ ಊರು ನೋಡಿ ಕಾಯುತ್ತೇನೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಟೊರ್ನಾಡೊ ವಾಚ್, ಟೊರ್ನಾಡೊ ವಾರ್ನಿಂಗ್ ಎರಡೂ ಒಂದೇನಾ?

ಅಲ್ಲ. ಹುಟ್ಟುವ ವಾತಾವರಣ ಇದೆ, ಎಚ್ಚರವಾಗಿರಿ ಎನ್ನುವುದು ವಾಚ್. ಹಲವು ಜಿಲ್ಲೆಗಳಿಗೆ ಹಲವು ಗಂಟೆಗಳ ಮಟ್ಟಿಗೆ ಹೊರಡುತ್ತದೆ. ಕಣ್ಣಿಗೋ ರೇಡಾರಿಗೋ ಕಂಡಿದೆ, ಈಗಲೇ ಆಸರೆಗೆ ಹೋಗಿ ಎನ್ನುವುದು ವಾರ್ನಿಂಗ್. ಸಣ್ಣ ಪ್ರದೇಶಕ್ಕೆ, ಸ್ಥಳೀಯ ಹವಾಮಾನ ಕಚೇರಿಯಿಂದ.

ಮೊಬೈಲಲ್ಲಿ ರೇಡಾರ್ ಇದೆ. ಅದನ್ನ ನೋಡ್ಕೊಂಡು ಓಡಿಸಿದ್ರೆ ಸಾಕಲ್ವಾ?

ಸಾಲದು. ರೇಡಾರ್ ಆಕಾಶವನ್ನು ಒಂದು ಸುತ್ತು ಪೂರ್ತಿ ನೋಡಿ ಮುಗಿಸಲು ನಾಲ್ಕೈದು ನಿಮಿಷ ಬೇಕು, ಅದು ನಿಮ್ಮ ಪರದೆಗೆ ಬರುವುದು ಇನ್ನೂ ತಡ. ಅಷ್ಟರಲ್ಲಿ ಟೊರ್ನಾಡೊ ನಾಲ್ಕು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಇನ್ನೊಂದು ತೊಂದರೆ ಭೂಮಿಯ ದುಂಡಗಿನ ಆಕಾರದ್ದು: ರೇಡಾರಿನಿಂದ 100 ಕಿ.ಮೀ. ದೂರದಲ್ಲಿ ಅದರ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ನೆಲದಲ್ಲಿ ಏನಾಗುತ್ತಿದೆ ಎಂದು ಅದಕ್ಕೆ ಕಾಣುವುದಿಲ್ಲ. ಹಾಗಾಗಿಯೇ ಅಮೆರಿಕದ ಹವಾಮಾನ ಇಲಾಖೆ ಸ್ಕೈವಾರ್ನ್ ಎಂಬ ಹೆಸರಿನಲ್ಲಿ ಸಾಮಾನ್ಯ ಜನರಿಗೆ ಮೋಡ ನೋಡುವ ತರಬೇತಿಯನ್ನು ಉಚಿತವಾಗಿ ಕೊಡುತ್ತದೆ. ಕ್ಯಾಮೆರಾ ಕೊಳ್ಳುವ ಮೊದಲು ಆ ತರಗತಿಗೆ ಕೂರಿ. ಮೋಡ ಎದುರಿಗಿರುವಾಗ ಸಿಗ್ನಲ್ ಹೋಗುವುದು ಮಾಮೂಲು, ಆಗ ಕೈಯಲ್ಲಿ ಕಾಗದದ ನಕ್ಷೆ ಇರಬೇಕು.

## ಮೋಡದ ಎದುರು

ಎಲ್ಲಿ ನಿಂತು ನೋಡಬೇಕು? ದಿಕ್ಕು ಯಾವುದಾದ್ರೂ ಆಗುತ್ತಾ?

ನನ್ನನ್ನು ಕೇಳಿದರೆ ಉಳಿದೆಲ್ಲ ಪ್ರಶ್ನೆಗಳೂ ಇದರಲ್ಲೇ ಅಡಗಿವೆ. ನಿಂತ ಜಾಗ ಸರಿಯಿದ್ದರೆ ಸಾಮಾನ್ಯ ಕ್ಯಾಮೆರಾದಲ್ಲೂ ಚಿತ್ರ ಬರುತ್ತದೆ, ತಪ್ಪಿದ್ದರೆ ಎಂಥ ಕ್ಯಾಮೆರಾದಲ್ಲೂ ಮಳೆಯ ಪರದೆಯಷ್ಟೇ ಬರುತ್ತದೆ.

ಪ್ಲೇನ್ಸ್‌ನ ಸೂಪರ್‌ಸೆಲ್ ಸಾಮಾನ್ಯವಾಗಿ ಈಶಾನ್ಯಕ್ಕೋ ಪೂರ್ವಕ್ಕೋ ಸಾಗುತ್ತದೆ. ಮಳೆ, ಆಲಿಕಲ್ಲು ಬೀಳುವುದು ಅದರ ಮುಂಭಾಗದಲ್ಲಿ, ಅಂದರೆ ಈಶಾನ್ಯ ಮತ್ತು ಉತ್ತರದ ಕಡೆ. ಟೊರ್ನಾಡೊ ಇಳಿಯುವುದು ಹಿಂಭಾಗದ ನೈಋತ್ಯ ಮೂಲೆಯಲ್ಲಿ, ಮಳೆಯಿಲ್ಲದ ಕಪ್ಪು ತಳದ ಕೆಳಗೆ. ಹಾಗಾಗಿ ಆ ತಳದ ಆಗ್ನೇಯಕ್ಕೆ ನಿಂತು ವಾಯವ್ಯಕ್ಕೆ ಮುಖ ಮಾಡಬೇಕು. ಆಗ ಮಳೆ ನಿಮ್ಮ ಬಲಕ್ಕಿರುತ್ತದೆ, ಟೊರ್ನಾಡೊ ಎದುರಿಗೆ, ಅದರ ಹಿಂದೆ ಪಶ್ಚಿಮದ ಬೆಳಕಿನ ಪಟ್ಟಿ. ಬೆನ್ನಿಗೆ ಬೆಚ್ಚಗಿನ ಗಾಳಿ ತಾಗುತ್ತಿರುತ್ತದೆ: ಮೋಡ ಉಸಿರು ಎಳೆದುಕೊಳ್ಳುತ್ತಿದೆ ಎಂದರ್ಥ. ಆ ಗಾಳಿ ಫಕ್ಕನೆ ನಿಂತು, ಪಶ್ಚಿಮದಿಂದ ತಣ್ಣಗೆ ಬೀಸತೊಡಗಿದರೆ ಯೋಚಿಸುತ್ತ ನಿಲ್ಲಬೇಡಿ, ಹೊರಡಿ.

ನನ್ನ ಮೊದಲ ವರ್ಷ ಉತ್ತರದಿಂದ ಬಂದ ದಾರಿಯಲ್ಲೇ ಮೋಡದೊಳಕ್ಕೆ ನುಗ್ಗಿ ಆಚೆ ಬರಬಹುದು ಎಂದುಕೊಂಡೆ. ಲಿಂಬೆಹಣ್ಣಿನ ಗಾತ್ರದ ಆಲಿಕಲ್ಲಿಗೆ ಮುಂದಿನ ಗಾಜು ಬಲೆಯಂತೆ ಬಿರಿಯಿತು. ಮಳೆಯಾಚೆ ಟೊರ್ನಾಡೊ ಇದ್ದಿದ್ದರೆ ಅದು ನನ್ನ ಮೇಲೆ ಬಿದ್ದ ನಂತರವೇ ಕಾಣುತ್ತಿತ್ತು. ಅಂದಿನಿಂದ ಎಷ್ಟೇ ಸುತ್ತಾದರೂ ಬಳಸಿಕೊಂಡು ದಕ್ಷಿಣಕ್ಕೆ ಹೋಗುತ್ತೇನೆ. ಆ ಸುತ್ತಿನಲ್ಲಿ ದೃಶ್ಯ ತಪ್ಪಿದರೆ ತಪ್ಪಿತು.

ನಿಲ್ಲುವ ಮೊದಲೇ ದಕ್ಷಿಣಕ್ಕೋ ಪೂರ್ವಕ್ಕೋ ತೆರೆದ ಟಾರು ರಸ್ತೆ ಗುರುತಿಸಿಕೊಳ್ಳಿ. ಅಲ್ಲಿನ ಹಳ್ಳಿರಸ್ತೆಗಳು ಒಂದೊಂದು ಮೈಲಿಗೆ ಚೌಕಳಿ ಹಾಕಿದಂತೆ ಇವೆ, ಆದರೆ ಅರ್ಧಕ್ಕರ್ಧ ಮಣ್ಣಿನವು. ಮಳೆ ಬಿದ್ದ ಜೇಡಿಮಣ್ಣಿನಲ್ಲಿ ಕಾರು ಹೂತರೆ ನಕ್ಷೆಯಲ್ಲಿ ಎಷ್ಟು ರಸ್ತೆ ಇದ್ದೂ ಪ್ರಯೋಜನವಿಲ್ಲ. ಕಾರಿನ ಮೂತಿ ಹೊರಡುವ ದಿಕ್ಕಿಗೆ ತಿರುಗಿರಲಿ.

ಮೋಡದ ಕೆಳಗೆ ಏನೋ ಕಪ್ಪಗೆ ಜೋತಾಡ್ತಾ ಇದೆ. ಅದು ಟೊರ್ನಾಡೊನಾ ಅಲ್ವಾ, ಹೇಗೆ ಹೇಳೋದು?

ಹೆಚ್ಚಿನ ಸಲ ಅಲ್ಲ. ಮೋಡದ ಹರಿದ ಚೂರುಗಳು, ದೂರದ ಮಳೆಯ ಕಂಬಗಳು ಎಲ್ಲರನ್ನೂ ಮೋಸಗೊಳಿಸುತ್ತವೆ. ಒಂದು ವಿದ್ಯುತ್ ಕಂಬವನ್ನು ಗುರುತಾಗಿಟ್ಟುಕೊಂಡು ಒಂದು ನಿಮಿಷ ಕದಲದೆ ನೋಡಿ. ಸುತ್ತುತ್ತಿದೆಯೇ? ಸುಮ್ಮನೆ ಮೇಲೇರುತ್ತಿದ್ದರೆ, ತೇಲಿಹೋಗುತ್ತಿದ್ದರೆ ಚೂರುಮೋಡ. ತಳದಿಂದ ಒಂದು ಗಟ್ಟಿ ಭಾಗ ತೂಗಿಬಿಟ್ಟಂತೆ ಕೆಳಗಿಳಿದು ತಿರುಗುತ್ತಿದ್ದರೆ ಅದು ಗೋಡೆಮೋಡ, ವಾಲ್ ಕ್ಲೌಡ್ ಎಂಬ ಹೆಸರಿನದು. ಟೊರ್ನಾಡೊ ಇಳಿಯುವುದಾದರೆ ಹೆಚ್ಚಾಗಿ ಅಲ್ಲಿಂದಲೇ.

ಕೊನೆಯ ಮಾತು ನೆಲದ್ದು. ಮೋಡದಿಂದ ಇಳಿದಂತೆ ಕಾಣುವ ಆಲಿಕೆಯಾಕಾರ ಗಾಳಿಯಲ್ಲ, ಒತ್ತಡ ಕುಸಿದ ಜಾಗದಲ್ಲಿ ಹನಿಗಟ್ಟಿದ ತೇವ. ಅದು ಅರ್ಧಕ್ಕೇ ನಿಂತಂತೆ ಕಂಡರೂ ಸುತ್ತುವ ಗಾಳಿ ಆಗಲೇ ನೆಲ ಮುಟ್ಟಿರಬಹುದು. ಆಲಿಕೆಯ ನೇರ ಕೆಳಗೆ ಧೂಳು ಸುತ್ತಿ ಏಳುತ್ತಿದ್ದರೆ ಅದು ಟೊರ್ನಾಡೊವೇ.

ಎಷ್ಟು ಹತ್ತಿರ ಹೋಗಬಹುದು?

ಮೊದಲ ಸಲ ಹೋಗುವವರಿಗೆ ಐದು ಕಿಲೋಮೀಟರ್‌ಗಿಂತ ಹತ್ತಿರ ಬೇಡ ಎನ್ನುತ್ತೇನೆ. ಮಳೆಯೊಳಗೆ ಅಡಗಿದ ಟೊರ್ನಾಡೊ ಆದರೆ ಯಾವ ದೂರವೂ ಹೇಳುವುದಿಲ್ಲ, ಬಿಟ್ಟುಬಿಡಿ.

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಬಳಿ ನಡೆದದ್ದನ್ನು ಈ ಪ್ರಶ್ನೆ ಕೇಳಿದವರಿಗೆಲ್ಲ ಹೇಳುತ್ತೇನೆ. ಮೊದಲು ಆಗ್ನೇಯದ ಕಡೆ ಸಾಗುತ್ತಿದ್ದ ಟೊರ್ನಾಡೊ ಕೆಲವೇ ನಿಮಿಷಗಳಲ್ಲಿ ಹಿಗ್ಗಿ, ವೇಗ ಹೆಚ್ಚಿಸಿಕೊಂಡು, ಈಶಾನ್ಯಕ್ಕೆ ತಿರುಗಿತು. ಅಗಲ 4.2 ಕಿ.ಮೀ. ಮುಟ್ಟಿತು, ದಾಖಲಾದವುಗಳಲ್ಲಿ ಅದೇ ಅತಿ ಅಗಲ. ಮಳೆಯ ಮಬ್ಬಿನಲ್ಲಿ ಅಂಚು ಎಲ್ಲಿದೆ ಎಂದೇ ತಿಳಿಯುವಂತಿರಲಿಲ್ಲ. ಟಿಮ್ ಸಮರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಅಲ್ಲಿ ತೀರಿಕೊಂಡರು. ಸಮರಾಸ್ ಹುಡುಗಾಟದ ಮನುಷ್ಯರಲ್ಲ. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್‌ನಲ್ಲಿ ಟೊರ್ನಾಡೊ ಬರುವ ದಾರಿಯಲ್ಲಿ ಉಪಕರಣ ಇಟ್ಟು 100 ಮಿಲಿಬಾರ್ ಒತ್ತಡ ಕುಸಿತ ಅಳೆದವರು, ಈ ಕೆಲಸದಲ್ಲಿ ಅತಿ ಎಚ್ಚರದವರೆಂದು ಹೆಸರಾಗಿದ್ದವರು. ಅವರಿಗೇ ಸಿಗದ ಸಮಯ ನನಗೆ ಸಿಗುತ್ತದೆಂದು ನಾನು ಯಾವತ್ತೂ ಲೆಕ್ಕ ಹಾಕುವುದಿಲ್ಲ.

ಅದು ನಿಂತಲ್ಲೇ ನಿಂತಿದ್ರೆ ಭಯ ಇಲ್ಲ ತಾನೇ?

ಅದೇ ಭಯಪಡಬೇಕಾದ ಹೊತ್ತು. ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ಕ್ರಮೇಣ ದಪ್ಪಗಾಗುತ್ತಿದ್ದರೆ ನಿಮ್ಮ ಕಡೆಗೇ ಬರುತ್ತಿದೆ. ಅದರ ದಾರಿಯಿಂದ ಪಕ್ಕಕ್ಕೆ ಲಂಬವಾಗಿ, ಸಾಮಾನ್ಯವಾಗಿ ದಕ್ಷಿಣಕ್ಕೆ, ಹೊರಡಬೇಕು.

ಸಿಕ್ಕಿಹಾಕಿಕೊಂಡ್ರೆ ಫ್ಲೈಓವರ್ ಕೆಳಗೆ ಅವಿತುಕೊಳ್ಳಬಹುದು ಅಂತ ವಿಡಿಯೋದಲ್ಲಿ ನೋಡಿದ್ದೆ, ನಿಜನಾ?

ಪ್ರಾಣ ತೆಗೆಯುವ ಸುಳ್ಳು ಅದು. 1991ರಲ್ಲಿ ಕಾನ್ಸಸ್‌ನ ಹೆದ್ದಾರಿಯಲ್ಲಿ ಟಿವಿ ತಂಡವೊಂದು ಮೇಲ್ಸೇತುವೆಯ ಕೆಳಗೆ ಅವಿತು ಬದುಕಿದ ವಿಡಿಯೋ ಎಲ್ಲೆಡೆ ಹಬ್ಬಿತು. 1999ರ ಮೇ 3ರಂದು ಒಕ್ಲಹೋಮದಲ್ಲಿ ಹಾಗೆ ಸೇತುವೆಗಳ ಕೆಳಗೆ ಹೋದವರಲ್ಲಿ ಮೂವರು ಸತ್ತರು, ಹಲವರು ತೀವ್ರವಾಗಿ ಗಾಯಗೊಂಡರು. ಸೇತುವೆಯ ಸಂದಿಯಲ್ಲಿ ಗಾಳಿ ಇನ್ನೂ ರಭಸವಾಗುತ್ತದೆ, ಹಾರಿಬರುವ ಹಲಗೆ, ತಗಡುಗಳೂ ಅಲ್ಲೇ ನುಗ್ಗುತ್ತವೆ. ಗಟ್ಟಿ ಕಟ್ಟಡದ ನೆಲಮಾಳಿಗೆ ಸಿಕ್ಕರೆ ಅದೇ ಸರಿಯಾದ ಆಸರೆ.

ಟೊರ್ನಾಡೊ ಬಿಟ್ರೆ ಬೇರೆ ಅಪಾಯ ಏನಿದೆ?

ರಸ್ತೆ. ಬೆನ್ನಟ್ಟುವವರನ್ನು ಟೊರ್ನಾಡೊಗಿಂತ ಹೆಚ್ಚಾಗಿ ಕೊಂದಿರುವುದು ರಸ್ತೆಯೇ. 2022ರ ಏಪ್ರಿಲ್‌ನಲ್ಲಿ ಕಾನ್ಸಸ್‌ನಿಂದ ಮರಳುತ್ತಿದ್ದ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಮಳೆನೀರಿನ ರಸ್ತೆಯಲ್ಲಿ ಕಾರು ಜಾರಿ ತೀರಿಕೊಂಡರು. ದಿನವಿಡೀ ಓಡಿಸಿ, ಕತ್ತಲಾದ ಮೇಲೆ ಮಳೆಯಲ್ಲಿ ನೂರಾರು ಕಿಲೋಮೀಟರ್ ವಾಪಸ್ ಬರುವುದೇ ಅತಿ ಕಷ್ಟದ ಭಾಗ. ಹತ್ತಿರದ ಊರಲ್ಲೇ ಮಲಗಿ. ಓಡಿಸುವವರು ಓಡಿಸಲಿ, ಮೋಡ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ.

ಎರಡನೆಯದು ಸಿಡಿಲು. ಟ್ರೈಪಾಡ್ ಹಿಡಿದು ಬಯಲಲ್ಲಿ ನಿಂತವರಿಗೆ ಅಲ್ಲಿ ಬೇರೆ ಎತ್ತರದ ವಸ್ತುವೇ ಇಲ್ಲ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ತಲುಪುವ ದೂರದಲ್ಲಿದ್ದೀರಿ; ಲೋಹದ ಮೈಯ ಕಾರಿನೊಳಗೆ ಗಾಜು ಏರಿಸಿ ಕೂರಿ. ಮೂರನೆಯದು ಆಲಿಕಲ್ಲು. 2010ರ ಜುಲೈ 23ರಂದು ಸೌತ್ ಡಕೋಟಾದ ವಿವಿಯನ್‌ನಲ್ಲಿ ಬಿದ್ದದ್ದು 20 ಸೆಂ.ಮೀ. ಅಗಲ, ತೂಕ 880 ಗ್ರಾಂ.

## ಕ್ಯಾಮೆರಾ ಕೈಗೆತ್ತಿಕೊಂಡಾಗ

ಯಾವ ಲೆನ್ಸ್ ಬೇಕು? ಸೆಟ್ಟಿಂಗ್ ಹೇಳಿಬಿಡಿ.

ಒಂದೇ ಲೆನ್ಸ್ ಎಂದರೆ 24–70 ಮಿ.ಮೀ. ಇಡೀ ಮೋಡದ ರೂಪ ಬೇಕಾದರೆ ಹತ್ತು ಹದಿನೈದು ಕಿಲೋಮೀಟರ್ ಹಿಂದೆ ಸರಿದು 16 ಮಿ.ಮೀ. ಸುತ್ತಮುತ್ತ. ಅಷ್ಟು ಅಗಲದ ಲೆನ್ಸಿನಲ್ಲಿ ಟೊರ್ನಾಡೊ ದಾರದಷ್ಟು ಸಣ್ಣಗೆ ಕಾಣುತ್ತದೆ. ಹೊಸಬರು ಹತ್ತಿರ ಹೋಗುವುದು ಇದೇ ಕಾರಣಕ್ಕೆ. ಹೋಗಬೇಡಿ, 70–200 ಹಾಕಿ.

ರಾ ಫೈಲ್, ಎಫ್ 5.6ರಿಂದ 8, ಶಟರ್ 1/250, ಐಎಸ್‌ಒ 400ರಿಂದ ಶುರು ಮಾಡಿ ಕತ್ತಲಾದಂತೆ ಏರಿಸಿ. ಬೂದು ಮೋಡದ ಮೇಲೆ ಆಟೊಫೋಕಸ್ ಹಿಡಿಯಲಾರದೆ ಅತ್ತಿತ್ತ ತಡಕಾಡುತ್ತದೆ. ದಿಗಂತದ ಒಂದು ಮರ ಅಥವಾ ನೀರಿನ ಟ್ಯಾಂಕಿಗೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ಹಾಕಿಬಿಡಿ. ದಿಗಂತದ ಬೆಳಕಿನ ಪಟ್ಟಿ ಬೆಳ್ಳಗೆ ಸುಟ್ಟುಹೋಗದಂತೆ ಸ್ವಲ್ಪ ಕತ್ತಲೆಯ ಕಡೆಗೇ ತೆಗೆಯಿರಿ.

ಯಾರೂ ಹೇಳದ ಒಂದು ವಿಷಯ: ಕಾರಿನ ಎಸಿಯಲ್ಲಿ ತಣ್ಣಗಿದ್ದ ಲೆನ್ಸನ್ನು ಹೊರಗಿನ ತೇವದ ಗಾಳಿಗೆ ತಂದ ಕೂಡಲೇ ಆವಿ ಕಟ್ಟುತ್ತದೆ. ಆ ಆವಿ ಒರೆಸುತ್ತ ನಿಂತಿದ್ದಾಗ ನಾಲ್ಕು ನಿಮಿಷದ ಟೊರ್ನಾಡೊವೊಂದು ನನ್ನ ಕಣ್ಣೆದುರೇ ಮುಗಿದುಹೋಯಿತು. ಮೋಡ ಹತ್ತಿರವಾದಂತೆ ಎಸಿ ಆರಿಸಿ, ಕಿಟಕಿ ಇಳಿಸಿ, ಕ್ಯಾಮೆರಾ ಹೊರಗಿನ ಗಾಳಿಗೆ ಹೊಂದಿಕೊಳ್ಳಲಿ.

ಒಂದೇ ಟೊರ್ನಾಡೊ ಒಬ್ಬರ ಫೋಟೋದಲ್ಲಿ ಬೆಳ್ಳಗೆ, ಇನ್ನೊಬ್ಬರದ್ದರಲ್ಲಿ ಕಪ್ಪಗೆ. ಎಡಿಟ್ ಮಾಡಿದ್ದಾ?

ಬೆಳಕಿನ ದಿಕ್ಕು ಅಷ್ಟೇ. ಪೂರ್ವದಲ್ಲಿ ನಿಂತವರಿಗೆ ಟೊರ್ನಾಡೊದ ಹಿಂದಿನಿಂದ ಬೆಳಕು ಬಂದು ಕಪ್ಪು ನೆರಳಾಗಿ ಕಾಣುತ್ತದೆ. ಪಶ್ಚಿಮದಲ್ಲಿ, ಸಂಜೆ ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ ಕಪ್ಪು ಮೋಡದ ಮುಂದೆ ಬೆಳ್ಳಗೆ ಹೊಳೆಯುತ್ತದೆ. ಎತ್ತಿಕೊಂಡ ಮಣ್ಣು ಕೆಂಪಾದರೆ ಬುಡವೂ ಕೆಂಪು. ತಿದ್ದುವ ಚಾಳಿ ಹಳೆಯದು ಎನ್ನುವುದೂ ನಿಜ: 1884ರ ಆಗಸ್ಟ್‌ನಲ್ಲಿ ಸೌತ್ ಡಕೋಟಾದ ಹೋವರ್ಡ್ ಬಳಿ ತೆಗೆದ ಪ್ರಸಿದ್ಧ ಚಿತ್ರವನ್ನು ಕೈಯಿಂದ ತಿದ್ದಿದ್ದಾರೆಂಬ ಅನುಮಾನ ಇಂದಿಗೂ ಇದೆ. ನೆರಳು ಬೆಳಕು ಹೊಂದಿಸಿಕೊಳ್ಳಿ. ಆಲಿಕೆಯ ಅಂಚನ್ನು, ಮಿಂಚನ್ನು ಸೇರಿಸಬೇಡಿ.

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಆಗುತ್ತಾ?

ಖಂಡಿತ. ಅಡ್ಡಲಾಗಿ ಹಿಡಿಯಿರಿ, ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಝೂಮ್ ಮುಟ್ಟಬೇಡಿ. ಕಾರಿನ ಬಾನೆಟ್ ಮೇಲೆ ಮಡಿಸಿದ ಟವೆಲಿಗೆ ಒರಗಿಸಿದರೆ ಕೈ ನಡುಕ ಸೇರುವುದಿಲ್ಲ. ಸಮಯ, ಜಾಗ, ಯಾವ ದಿಕ್ಕಿಗೆ ನೋಡುತ್ತಿದ್ದೀರಿ ಎಂದು ಒಮ್ಮೆ ಜೋರಾಗಿ ಹೇಳಿ, ಆಮೇಲೆ ಸುಮ್ಮನಿರಿ. ಆ ಶಬ್ದವೂ ದಾಖಲಾಗಲಿ.

ರಾತ್ರಿ ಟೊರ್ನಾಡೊ, ಮಿಂಚು ಎರಡೂ ಒಟ್ಟಿಗೆ ಸಿಗೋ ಹಾಗೆ ತೆಗೆಯೋದು ಹೇಗೆ?

ರಾತ್ರಿ ಟೊರ್ನಾಡೊ ಬೆನ್ನಟ್ಟಬೇಡಿ. ಮಿಂಚಿದಾಗ ಮಾತ್ರ ಕಾಣುತ್ತದೆ, ಎರಡು ಮಿಂಚುಗಳ ನಡುವೆ ಅದೆಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ದಿಗಂತದಲ್ಲಿ ನೀಲಿ ಹಸಿರು ಬಣ್ಣದಲ್ಲಿ ಫಳ್ಳೆಂದರೆ ಅದು ಮಿಂಚಲ್ಲ, ವಿದ್ಯುತ್ ತಂತಿಗಳು ತುಂಡಾಗುತ್ತಿವೆ. ಮಿಂಚು ಬೇಕಾದರೆ ಮೋಡ ಪೂರ್ತಿ ದಾಟಿ ದೂರ ಹೋದ ಮೇಲೆ ಕಾರಿನೊಳಗಿಂದಲೇ, ಐಎಸ್‌ಒ 200, ಎಫ್ 8, 15ರಿಂದ 30 ಸೆಕೆಂಡ್.

## ಪಳಗಿದವರು ಕೇಳುವುದು

ಫೋಟೋ ನೋಡಿ ಇದು ಇಎಫ್-4, ಇದು ಇಎಫ್-5 ಅಂತ ಹೇಳಬಹುದಾ?

ಸಾಧ್ಯವಿಲ್ಲ. 2007ರ ಫೆಬ್ರವರಿಯಿಂದ ಅಮೆರಿಕ ಬಳಸುತ್ತಿರುವ, 0ರಿಂದ 5ರವರೆಗಿನ ಇಎಫ್ ಮಾಪಕ ಹಾನಿಯನ್ನು ಅಳೆಯುತ್ತದೆ. ಮನೆ, ಶಾಲೆ, ಮರ ಹೀಗೆ 28 ಬಗೆಯ ಗುರುತುಗಳು ಎಷ್ಟು ಹಾಳಾದವು ಎಂದು ನೋಡಿ ಗಾಳಿಯ ವೇಗ ಅಂದಾಜು ಮಾಡುತ್ತಾರೆ. ಎಲ್ ರೀನೊದಲ್ಲಿ ಸಂಚಾರಿ ರೇಡಾರ್ ಗಂಟೆಗೆ 470 ಕಿ.ಮೀ.ಗೂ ಹೆಚ್ಚಿನ ಗಾಳಿ ಅಳೆದಿತ್ತು, ಆದರೆ ದಾರಿಯಲ್ಲಿ ಕಟ್ಟಡಗಳು ಕಡಿಮೆ, ಸಿಕ್ಕ ಹಾನಿಯ ಪ್ರಕಾರ ಇಎಫ್-3. ದಪ್ಪಗಿದ್ದರೆ ಬಲಿಷ್ಠ ಎಂಬ ಲೆಕ್ಕವೂ ತಪ್ಪು. ಕೆನಡಾದ ಎಲೈನಲ್ಲಿ 2007ರ ಜೂನ್ 22ರಂದು ಹಗ್ಗದಂತೆ ಸಣ್ಣಗಿದ್ದ ಟೊರ್ನಾಡೊ, ಅಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಎಫ್ ಮಾಪಕದ ಪ್ರಕಾರ, ಎಫ್-5 ಮಟ್ಟದ ಹಾನಿ ಮಾಡಿತು.

ನಾನು ತೆಗೆದ ಚಿತ್ರದಿಂದ ವಿಜ್ಞಾನಿಗಳಿಗೆ ಏನಾದ್ರೂ ಉಪಯೋಗ ಇದೆಯಾ?

ತುಂಬ ಇದೆ. 1957ರ ಜೂನ್ 20ರಂದು ನಾರ್ತ್ ಡಕೋಟಾದ ಫಾರ್ಗೊ ನಗರಕ್ಕೆ ಟೊರ್ನಾಡೊ ಬಡಿಯಿತು. ಶಿಕಾಗೊ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿತಾ ಊರವರು ತೆಗೆದ ಸುಮಾರು 150 ಚಿತ್ರಗಳನ್ನು ಸಂಗ್ರಹಿಸಿ, ಪ್ರತಿಯೊಂದನ್ನೂ ಎಲ್ಲಿ ನಿಂತು ಯಾವಾಗ ತೆಗೆದದ್ದೆಂದು ಪತ್ತೆಮಾಡಿ, ಮೋಡದ ಚಲನೆಯನ್ನು ನಿಮಿಷ ನಿಮಿಷಕ್ಕೆ ಜೋಡಿಸಿದರು. ವಾಲ್ ಕ್ಲೌಡ್ ಎಂಬ ಹೆಸರು ಬಳಕೆಗೆ ಬಂದದ್ದೇ ಆ ಅಧ್ಯಯನದಿಂದ.

ಹಾಗಾಗಿ ಹೊರಡುವ ಮೊದಲು ಕ್ಯಾಮೆರಾ ಗಡಿಯಾರವನ್ನು ಜಿಪಿಎಸ್ ಸಮಯಕ್ಕೆ ಸೆಕೆಂಡಿನವರೆಗೆ ಹೊಂದಿಸಿ. ಮೂಲ ಫೈಲ್ ಅಳಿಸಬೇಡಿ, ಕತ್ತರಿಸದೆ ಇಡಿ. ಚೌಕಟ್ಟಿನಲ್ಲಿ ನೆಲ, ಕಂಬ, ಮನೆ ಬರಲಿ. ದೂರ ಗೊತ್ತಿದ್ದರೆ ಅಗಲವನ್ನು ನೀವೇ ಲೆಕ್ಕ ಹಾಕಬಹುದು. ಫುಲ್‌ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ; 50 ಮಿ.ಮೀ. ಲೆನ್ಸಿನಲ್ಲಿ 4 ಕಿ.ಮೀ. ದೂರದ ದೃಶ್ಯ 2.88 ಕಿ.ಮೀ. ಅಗಲ ಹಿಡಿಯುತ್ತದೆ. ಆಲಿಕೆ ಚೌಕಟ್ಟಿನ ಹನ್ನೆರಡರಲ್ಲಿ ಒಂದು ಪಾಲು ತುಂಬಿದ್ದರೆ ಅದರ ಅಗಲ 240 ಮೀಟರ್.

ಟೊರ್ನಾಡೊ ಊರಿಗೆ ನುಗ್ಗಿದ್ದು ಕಣ್ಣಾರೆ ನೋಡಿದೆ. ಆಮೇಲೂ ಫೋಟೋ ತೆಗೀಬೇಕಾ, ಬೇಡ್ವಾ?

ಮೊದಲು ಫೋನ್. ಊರಿನ ಕಡೆ ಸಾಗುತ್ತಿರುವುದು ಕಂಡ ಕ್ಷಣವೇ ಅಲ್ಲಿನ ತುರ್ತು ಸಂಖ್ಯೆ 911ಕ್ಕೋ ಹವಾಮಾನ ಕಚೇರಿಗೋ ತಿಳಿಸಿ: ನೀವಿರುವ ಜಾಗ, ಟೊರ್ನಾಡೊ ಯಾವ ದಿಕ್ಕಿನಲ್ಲಿ ಎಷ್ಟು ದೂರ, ಎತ್ತ ಸಾಗುತ್ತಿದೆ. ಆ ಹೊತ್ತಿನಲ್ಲಿ ಒಂದು ಚಿತ್ರ ತಪ್ಪಿದರೆ ತಪ್ಪಲಿ.

ಬಡಿದ ನಂತರ ಅಲ್ಲಿಗೆ ಮೊದಲು ತಲುಪುವವರು ಎಷ್ಟೋ ಸಲ ಬೆನ್ನಟ್ಟುವವರೇ. ಕಾರನ್ನು ಆಂಬುಲೆನ್ಸಿನ ದಾರಿಗೆ ಅಡ್ಡವಾಗದಂತೆ ದೂರ ನಿಲ್ಲಿಸಿ. ಬಿದ್ದ ತಂತಿ ಮುಟ್ಟಬೇಡಿ, ಗ್ಯಾಸ್ ವಾಸನೆ ಬಂದರೆ ಹತ್ತಿರ ಹೋಗಬೇಡಿ. ಕೂಗು ಕೇಳಿಸಿದರೆ ಕ್ಯಾಮೆರಾ ಕಾರಿನಲ್ಲೇ ಬಿಟ್ಟು ಹೋಗಿ. ರಕ್ತ ನಿಲ್ಲಿಸುವ ತರಬೇತಿ ಪಡೆದಿದ್ದರೆ, ಪಟ್ಟಿ, ಕೈಗವಸು, ಟಾರ್ಚ್ ಡಿಕ್ಕಿಯಲ್ಲಿದ್ದರೆ ಆಗ ನಿಜವಾಗಿ ಕೆಲಸಕ್ಕೆ ಬರುತ್ತೀರಿ. ಮನೆ ಕಳೆದುಕೊಂಡವರ ಮುಖ, ಗಾಯಗೊಂಡವರು, ಅಂಗಳದಲ್ಲಿ ಚೆಲ್ಲಿದ ಅವರ ಬಟ್ಟೆಬರೆ, ಇವುಗಳನ್ನು ನಾನು ತೆಗೆಯುವುದಿಲ್ಲ. ಹಾನಿಯ ಅಳತೆಗೆ ಸರ್ವೆ ತಂಡ ಮರುದಿನ ಬರುತ್ತದೆ, ಅವರು ಕೇಳಿದರೆ ಅದಕ್ಕೂ ಮುಂಚಿನ ಮೋಡದ ಚಿತ್ರಗಳನ್ನು ಕೊಡುತ್ತೇನೆ.